ಅಪ್ಪ ಟಿವಿ ನಿಲ್ಲಿಸಿದರೆ ಲೈಟ್ ಹತ್ತಬೇಕು: ಮೂರು ತಿಂಗಳ ಒದ್ದಾಟ

ಸಂಕ್ರಾಂತಿ ಮುಗಿದ ವಾರ ಅಪ್ಪನ ಬಲಗಣ್ಣಿನ ಪೊರೆ ತೆಗೆಸಿದೆವು. ಆಪರೇಷನ್ ಚೆನ್ನಾಗೇ ಆಯಿತು. ಆದರೆ ಅದಾದ ಮೇಲೆ ಹಾಲ್‌ನ ಟ್ಯೂಬ್‌ಲೈಟ್ ಬೆಳಕು ಟಿವಿ ಮೇಲೆ ಬಿದ್ದು ಕಣ್ಣು ಕುಕ್ಕುತ್ತದೆ ಎಂದು ಅವರು ಲೈಟ್ ಆರಿಸಿ ಕತ್ತಲಲ್ಲಿ ಕೂತು ನೋಡತೊಡಗಿದರು. ಫೆಬ್ರವರಿ ಮೊದಲ ವಾರ ಒಂದು ರಾತ್ರಿ ಟಿವಿ ನಿಲ್ಲಿಸಿ ಬಚ್ಚಲಿಗೆ ಎದ್ದವರು ಹೊಸ್ತಿಲು ಎಡವಿ ಬಿದ್ದರು. ಮೂಳೆಗೆ ಏನೂ ಆಗಲಿಲ್ಲ, ಮೊಣಕಾಲು ಊದಿಕೊಂಡಿತು. ಅಪ್ಪ ಎರಡು ದಿನಕ್ಕೆ ಮರೆತರು, ಅವ್ವ ಮರೆಯಲಿಲ್ಲ. "ದಿನಾ ಮೊಬೈಲ್ ತಿಕ್ಕೋತ ಕುಂದರ್ತಿ. ಒಂದ್ ಲೈಟ್ ತಾನ ಹತ್ತೂವಂಗ ಮಾಡಾಕ ಬರಂಗಿಲ್ಲೇನು ನಿನಗ?"

ಬರುತ್ತದೆ ಎಂದುಬಿಟ್ಟೆ. ಅಲ್ಲಿಂದ ಏಪ್ರಿಲ್ ಕೊನೆಯವರೆಗೆ ನನ್ನ ಭಾನುವಾರಗಳು ಹೋದವು.

ನಾನು ಸಾಫ್ಟ್‌ವೇರ್ ಮನುಷ್ಯ ಅಲ್ಲ. ಓದಿದ್ದು ಬಿ.ಕಾಂ., ಬಾಗಲಕೋಟೆಯ ಒಂದು ಪತ್ತಿನ ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮನೆ ನವನಗರದಲ್ಲಿ. ಹಾಗಾಗಿ ಇದನ್ನು ಓದಿ ನಿಮಗೂ ಆಗುತ್ತದೆ ಅಂದುಕೊಳ್ಳಬಹುದು. ಆಗುತ್ತದೆ ಕೂಡ. ಆದರೆ ನಾನು ಹೋದ ದಾರಿಯಲ್ಲೇ ಹೋಗಬೇಡಿ. ನಾನು ಮೊದಲು ಪೂರ್ತಿ ತಪ್ಪು ದಿಕ್ಕಿಗೆ ಹೋಗಿ, ಆಮೇಲೆ ವಾಪಸ್ ಬಂದೆ.

ಏನು ಬೇಕಿತ್ತು ಅಂತ ಮೊದಲು ಹೇಳುತ್ತೇನೆ. ಅಪ್ಪ ನೋಡುವುದು ಹೆಚ್ಚಾಗಿ ನಮ್ಮದೇ ಹಾರ್ಡ್‌ಡಿಸ್ಕ್‌ನಲ್ಲಿರುವ ವಿಡಿಯೋಗಳನ್ನು. ದೊಡ್ಡಾಟದ ರೆಕಾರ್ಡಿಂಗು, ಭಜನೆ, ಪ್ರವಚನ, ಮನೆಯ ಮದುವೆ ಕ್ಯಾಸೆಟ್ಟುಗಳು. ವಿಡಿಯೋ ಶುರುವಾದರೆ ಟ್ಯೂಬ್‌ಲೈಟ್ ಆರಿ ಮೂಲೆಯ ಸಣ್ಣ ಸ್ಮಾರ್ಟ್ ಬಲ್ಬು (ವೈಫೈ ಮೂಲಕ ಹತ್ತಿಸಿ ಆರಿಸುವಂಥದ್ದು) ಮಂದವಾಗಿ ಉರಿಯಬೇಕು. ಪಾಜ್ ಒತ್ತಿದರೆ ಅದೇ ಬಲ್ಬು ಜೋರಾಗಬೇಕು, ಬಚ್ಚಲ ದಾರಿ ಕಾಣುವಷ್ಟು. ವಿಡಿಯೋ ಮುಗಿದರೆ ಟ್ಯೂಬ್‌ಲೈಟ್ ಹತ್ತಬೇಕು. ಇಷ್ಟೇ. ಅಪ್ಪ ರಿಮೋಟ್ ಬಿಟ್ಟು ಬೇರೆ ಏನನ್ನೂ ಮುಟ್ಟಬಾರದು.

ಕ್ಯಾಸೆಟ್ಟಿನ ವಿಷಯ ಬೇಗ ಮುಗಿಸುತ್ತೇನೆ. ಐದು ವಿಎಚ್‌ಎಸ್ ಕ್ಯಾಸೆಟ್ ಇದ್ದವು. ಎರಡಕ್ಕೆ ಬೂಷ್ಟು ಹಿಡಿದಿತ್ತು. ಒಂದು ಸ್ಟುಡಿಯೋಕ್ಕೆ ಕೊಟ್ಟೆ, ಒಂದಕ್ಕೆ 400 ರೂಪಾಯಿಯಂತೆ ಮಾಡಿಕೊಟ್ಟರು. ಮೂರು ತಾಸಿನ ಕ್ಯಾಸೆಟ್ ಕಂಪ್ಯೂಟರ್‌ಗೆ ಇಳಿಯಲು ಮೂರು ತಾಸೇ ಬೇಕು, ಅವಸರ ಮಾಡಿ ಪ್ರಯೋಜನ ಇಲ್ಲ. ಹನ್ನೆರಡು ದಿನ ಕಾದೆ. ಅದರಲ್ಲಿ ಅತ್ತೆಯ ಮದುವೆಯದೂ ಒಂದಿತ್ತು, 1997ರದ್ದು, ಹಳೇ ಬಾಗಲಕೋಟೆಯ ನಮ್ಮ ಮನೆಯಲ್ಲಿ ಆದದ್ದು. ಆ ಮನೆ ಈಗ ಇಲ್ಲ. ಆಲಮಟ್ಟಿ ಹಿನ್ನೀರಿಗೆ ಹೋದ ಓಣಿಗಳಲ್ಲಿ ನಮ್ಮದೂ ಒಂದು. ಮುಳುಗಡೆಯವರ ಮನೆಗಳಲ್ಲಿ ಇಂಥ ಕ್ಯಾಸೆಟ್ ಇರುತ್ತವೆ, ಹೊಸದಾಗಿ ಹೇಳಬೇಕಿಲ್ಲ.

ಈಗ ಮೊದಲ ತಪ್ಪು.

ಯೂಟ್ಯೂಬ್ ನೋಡಿ ನಾನು ಹಿಡಿದದ್ದು ಪ್ಲೆಕ್ಸ್ ಮತ್ತು ಇಫ್ಟ್ (IFTTT) ದಾರಿ. ಪ್ಲೆಕ್ಸ್ ಅಂದರೆ ಮನೆಯ ವಿಡಿಯೋಗಳನ್ನು ಟಿವಿಗೆ ಕಳಿಸುವ ಸಾಫ್ಟ್‌ವೇರ್, ಇಫ್ಟ್ ಅಂದರೆ ಇದಾದರೆ ಅದು ಮಾಡು ಎಂದು ಬೇರೆ ಬೇರೆ ಸೇವೆಗಳನ್ನು ಜೋಡಿಸುವ ಆನ್‌ಲೈನ್ ಸೇವೆ. ಹಳೇ ಲ್ಯಾಪ್‌ಟಾಪ್‌ನಲ್ಲಿ ಪ್ಲೆಕ್ಸ್ ಸರ್ವರ್ ಹಾಕಿದೆ. ಅರ್ಧ ತಾಸಿನ ಕೆಲಸ, ಟಿವಿಯಲ್ಲಿ ಎಲ್ಲಾ ವಿಡಿಯೋ ಚೆಂದಾಗಿ ಸಾಲಾಗಿ ಬಂದವು. ಅಪ್ಪನಿಗೂ ಖುಷಿ. ವಿಡಿಯೋ ಶುರುವಾದಾಗ, ನಿಂತಾಗ ಪ್ಲೆಕ್ಸ್ ಹೊರಗಿನ ಒಂದು ವಿಳಾಸಕ್ಕೆ ಸುದ್ದಿ ಕಳಿಸಬಲ್ಲದು. ಅದಕ್ಕೆ ವೆಬ್‌ಹುಕ್ ಅನ್ನುತ್ತಾರೆ. ಆದರೆ ಆ ಸೌಲಭ್ಯ ಪ್ಲೆಕ್ಸ್ ಪಾಸ್ ಇದ್ದವರಿಗೆ ಮಾತ್ರ, ದುಡ್ಡು ಕೊಡಬೇಕು. ಇಫ್ಟ್ ಕಡೆ ಉಚಿತ ಖಾತೆಗೆ ಎರಡೇ ಆಪ್ಲೆಟ್ (ಅಂಥ ನಿಯಮ), ವೆಬ್‌ಹುಕ್ ಬೇಕಾದರೆ ಅದಕ್ಕೂ ದುಡ್ಡು. ಒಂದು ತಿಂಗಳು ನೋಡೋಣ ಎಂದು ಎರಡಕ್ಕೂ ಕಟ್ಟಿದೆ, ಸುಮಾರು 800 ರೂಪಾಯಿ.

ಆಮೇಲೆ ಗೊತ್ತಾಯಿತು. ಪ್ಲೇ ಆದರೂ, ಪಾಜ್ ಆದರೂ, ಸ್ಟಾಪ್ ಆದರೂ ಪ್ಲೆಕ್ಸ್ ಸುದ್ದಿ ಹೋಗುವುದು ಒಂದೇ ವಿಳಾಸಕ್ಕೆ. ಯಾವ ಸುದ್ದಿ ಅನ್ನುವುದು ಲಕೋಟೆಯ ಒಳಗಿರುತ್ತದೆ. ಲಕೋಟೆ ಒಡೆದು, ಓದಿ, ಇದು ಪ್ಲೇ, ಇದು ಪಾಜ್ ಎಂದು ಬೇರೆ ಮಾಡಿ ಮುಂದೆ ಕಳಿಸಲು ನಡುವೆ ಇನ್ನೊಂದು ಪ್ರೋಗ್ರಾಂ ಬೇಕು. ಅದಕ್ಕಾಗಿ ಮತ್ತೊಂದು ಉಚಿತ ಸೇವೆಗೆ ಖಾತೆ ತೆರೆದೆ. ಅಂದರೆ ಲೆಕ್ಕ ಹಾಕಿ: ನಮ್ಮ ಹಾಲ್‌ನ ಟಿವಿಯಿಂದ ನಮ್ಮ ಹಾಲ್‌ನ ಬಲ್ಬಿಗೆ ಸುದ್ದಿ ಹೋಗಬೇಕು. ನಡುವೆ ಎಂಟು ಅಡಿ. ಆ ಸುದ್ದಿ ಊರು ದಾಟಿ, ದೇಶ ದಾಟಿ, ಎರಡು ಕಂಪನಿಗಳ ಕಂಪ್ಯೂಟರ್ ಸುತ್ತಿ, ಬಲ್ಬಿನ ಕಂಪನಿಯ ಸರ್ವರ್ ಮುಟ್ಟಿ ವಾಪಸ್ ಹಾಲ್‌ಗೆ ಬರುತ್ತಿತ್ತು. ಒಮ್ಮೊಮ್ಮೆ ಎರಡು ಸೆಕೆಂಡ್, ಒಮ್ಮೊಮ್ಮೆ ಇಪ್ಪತ್ತು. ಅಷ್ಟರಲ್ಲಿ ಅಪ್ಪ ಬಚ್ಚಲಿಗೆ ಹೋಗಿ ಬಂದೂ ಆಗಿರುತ್ತಿತ್ತು.

ಮಾರ್ಚ್‌ನಲ್ಲಿ ನಮ್ಮ ರಸ್ತೆಯಲ್ಲಿ ಪೈಪ್ ಹಾಕಲು ಅಗೆದರು. ಇಂಟರ್ನೆಟ್ ಕೇಬಲ್ ಕತ್ತರಿಸಿ ಹೋಯಿತು, ಎರಡು ದಿನ ನೆಟ್ ಇಲ್ಲ. ಟಿವಿ ನಡೆಯುತ್ತಿತ್ತು, ವಿಡಿಯೋ ಮನೆಯಲ್ಲೇ ಇದ್ದವಲ್ಲ. ಬಲ್ಬು ಮಾತ್ರ ಹತ್ತು ಪರ್ಸೆಂಟಿನಲ್ಲೇ ನಿಂತುಬಿಟ್ಟಿತು. ಅವ್ವ ಹೋಗಿ ದೇವರ ಕೋಣೆಯಿಂದ ದೀಪ ತಂದಿಟ್ಟಳು. ಏನೂ ಅನ್ನಲಿಲ್ಲ. ಸುಮ್ನೆ ಟಿವಿ ಪಕ್ಕ ಇಟ್ಟು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ನಿರ್ಧಾರ ಮಾಡಿದೆ. ಇನ್ನು ಮನೆಯ ಮಾತು ಮನೆಯೊಳಗೇ ಇರಬೇಕು. ಇದನ್ನು ಓದುವವರು ಬೇರೆ ಏನನ್ನೂ ನೆನಪಿಡದಿದ್ದರೂ ಇದೊಂದನ್ನು ನೆನಪಿಡಿ. ಒಂದು ವಸ್ತು ಕೊಳ್ಳುವ ಮೊದಲು, ಇಂಟರ್ನೆಟ್ ತೆಗೆದರೂ ಇದು ನಡೆಯುತ್ತದೆಯೇ ಎಂದು ನೋಡಿ.

ಅದಕ್ಕೆ ಆರಿಸಿಕೊಂಡದ್ದು ಹೋಮ್ ಅಸಿಸ್ಟೆಂಟ್. 2013ರಲ್ಲಿ ಶುರುವಾದ ಉಚಿತ ಸಾಫ್ಟ್‌ವೇರ್, ನಮ್ಮ ಮನೆಯ ಸಣ್ಣ ಕಂಪ್ಯೂಟರ್‌ನಲ್ಲೇ ಓಡುತ್ತದೆ. ಅದರ ವೆಬ್‌ಸೈಟಿನಲ್ಲಿ ಸಾವಿರಾರು ಉಪಕರಣಗಳ ಪುಟಗಳಿವೆ. ಪ್ರತಿ ಪುಟದಲ್ಲೂ ಅದು ಹೇಗೆ ಮಾತಾಡುತ್ತದೆ ಎಂದು ಬರೆದಿರುತ್ತದೆ: ಲೋಕಲ್ ಪುಶ್, ಲೋಕಲ್ ಪೋಲಿಂಗ್, ಕ್ಲೌಡ್ ಪುಶ್, ಕ್ಲೌಡ್ ಪೋಲಿಂಗ್. ಲೋಕಲ್ ಅಂದರೆ ಮನೆಯೊಳಗೇ, ಕ್ಲೌಡ್ ಅಂದರೆ ಇಂಟರ್ನೆಟ್‌ನಲ್ಲಿ ಕಂಪನಿಯ ಸರ್ವರ್ ಮೂಲಕ. ಪುಶ್ ಅಂದರೆ ಏನಾದರೂ ಆದ ತಕ್ಷಣ ತಾನೇ ಹೇಳುತ್ತದೆ. ಪೋಲಿಂಗ್ ಅಂದರೆ ಹೋಮ್ ಅಸಿಸ್ಟೆಂಟೇ ಆಗಾಗ ಹೋಗಿ ಏನಾಯಿತು ಎಂದು ಕೇಳಬೇಕು. ಈ ವ್ಯತ್ಯಾಸ ನನಗೆ ಆಗ ಮುಖ್ಯ ಅನಿಸಲಿಲ್ಲ. ಅನಿಸಿದ್ದರೆ ಎರಡು ವಾರ ಉಳಿಯುತ್ತಿತ್ತು.

ಅದಕ್ಕೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ತರಿಸಿದೆ, 4 ಜಿಬಿಯದ್ದು. ಆನ್‌ಲೈನ್‌ನಲ್ಲಿ 5,900 ರೂಪಾಯಿ, ಅಡಾಪ್ಟರ್ ಮತ್ತು ಡಬ್ಬಿಗೆ 1,150. ಅಡಾಪ್ಟರ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಇದಕ್ಕೆ 5 ವೋಲ್ಟ್ 3 ಆಂಪ್ ಬೇಕು, ಮನೆಯಲ್ಲಿರುವ ಮೊಬೈಲ್ ಚಾರ್ಜರ್ ಹಾಕಿದರೆ ನಡುನಡುವೆ ತಾನೇ ರೀಸ್ಟಾರ್ಟ್ ಆಗುತ್ತದೆ. ಬರಲು ಒಂಬತ್ತು ದಿನ. ಬಿಲ್ ಜೋಪಾನ ಮಾಡಿ, ವಾರಂಟಿಗೆ ಕೇಳುತ್ತಾರೆ.

ಬಂದ ದಿನ ಮೆಮೊರಿ ಕಾರ್ಡಿಗೆ ಸಾಫ್ಟ್‌ವೇರ್ ಬರೆದು, ಪೈಗೆ ಸಿಕ್ಕಿಸಿ, ಲ್ಯಾನ್ ಕೇಬಲ್ ಹಾಕಿ ಆನ್ ಮಾಡಿದೆ. ಮೊದಲ ಸಲ ಇಪ್ಪತ್ತು ನಿಮಿಷದವರೆಗೂ ಹಿಡಿಯಬಹುದು. ಪರದೆ ಮೇಲೆ ತಯಾರಾಗುತ್ತಿದೆ ಅಂತ ಬರುತ್ತಲೇ ಇರುತ್ತದೆ, ಕೆಟ್ಟಿದೆ ಅಂದುಕೊಂಡು ಆಫ್ ಮಾಡಬೇಡಿ. ನಾನು ಒಮ್ಮೆ ಮಾಡಿ ಮತ್ತೆ ಮೊದಲಿಂದ ಬರೆಯಬೇಕಾಯಿತು. ಆಮೇಲೆ ಬ್ರೌಸರ್‌ನಲ್ಲಿ ಪೈಯ ಐಪಿ ವಿಳಾಸ (ಮನೆಯ ನೆಟ್‌ವರ್ಕಿನಲ್ಲಿ ಅದಕ್ಕೆ ರೂಟರ್ ಕೊಟ್ಟ ನಂಬರ್), ಮುಂದೆ :8123 ಎಂದು ಹಾಕಿದರೆ ತೆರೆದುಕೊಳ್ಳುತ್ತದೆ.

ಇಲ್ಲಿ ಬಂತು ರೂಟರ್ ಪುರಾಣ. ರೂಟರ್ ಒಳಗೆ ಎರಡು ಕೆಲಸ ಆಗಬೇಕಿತ್ತು. ಒಂದು, ಸ್ಮಾರ್ಟ್ ಬಲ್ಬುಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ನಮ್ಮ ರೂಟರ್ 2.4 ಮತ್ತು 5 ಎರಡನ್ನೂ ಒಂದೇ ಹೆಸರಲ್ಲಿ ಕೊಡುತ್ತಿತ್ತು. ಫೋನು 5ರಲ್ಲಿ, ಬಲ್ಬು 2.4ರಲ್ಲಿ, ಹೊಸ ಬಲ್ಬು ಸೇರಿಸಲು ಹೋದರೆ ಒಂದಕ್ಕೊಂದು ಸಿಗುವುದೇ ಇಲ್ಲ. ಎರಡಕ್ಕೂ ಬೇರೆ ಬೇರೆ ಹೆಸರು ಕೊಡಬೇಕು. ಇನ್ನೊಂದು, ಟಿವಿಗೆ, ಪೈಗೆ, ಬಲ್ಬಿಗೆ ಖಾಯಂ ಐಪಿ ವಿಳಾಸ ಕೊಡಬೇಕು. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ರೂಟರ್ ಬೇರೆ ನಂಬರ್ ಹಂಚುತ್ತದೆ, ಹೋಮ್ ಅಸಿಸ್ಟೆಂಟ್ ಹಳೇ ನಂಬರಿನಲ್ಲಿ ಟಿವಿಯನ್ನು ಹುಡುಕುತ್ತಾ ಕೂರುತ್ತದೆ.

ಎರಡಕ್ಕೂ ರೂಟರಿನ ಅಡ್ಮಿನ್ ಪಾಸ್‌ವರ್ಡ್ ಬೇಕು. ಅದು ನೆಟ್ ಕೊಟ್ಟವರ ಹತ್ತಿರ ಇತ್ತು. ಫೋನ್ ಮಾಡಿದರೆ ಆಫೀಸಿಗೆ ಬನ್ನಿ ಎಂದರು. ಆಫೀಸಿಗೆ ಹೋದರೆ ಕನೆಕ್ಷನ್ ಅಪ್ಪನ ಹೆಸರಲ್ಲಿದೆ, ಅವರೇ ಅರ್ಜಿ ಕೊಡಬೇಕು ಎಂದರು. ಅರ್ಜಿ ಬರೆದು, ಅಪ್ಪನ ಸಹಿ ಹಾಕಿಸಿ, ಆಧಾರ್ ಝೆರಾಕ್ಸ್ ಹಚ್ಚಿ ಕೊಟ್ಟೆ. ಸಾಹೇಬರು ಇಲ್ಲ, ನಾಳೆ. ನಾಳೆ ಹೋದರೆ ಓಟಿಪಿ ಅಪ್ಪನ ಫೋನಿಗೆ ಹೋಯಿತು, ಅಪ್ಪ ಫೋನ್ ಮನೆಯಲ್ಲಿಟ್ಟು ವಾಕಿಂಗ್ ಹೋಗಿದ್ದರು. ನಾಲ್ಕನೇ ದಿನ ಸಿಕ್ಕಿತು. ಒಂದು ಚೀಟಿಯಲ್ಲಿ ಎಂಟು ಅಕ್ಷರ ಬರೆದುಕೊಟ್ಟರು. ನಮ್ಮ ಸೊಸೈಟಿಯಲ್ಲಿ ಸಾಲಕ್ಕೂ ಇಷ್ಟು ಓಡಾಡಿಸುವುದಿಲ್ಲ. ನೀವು ಹೊಸ ಕನೆಕ್ಷನ್ ತಗೊಳ್ಳುವುದಾದರೆ ಹಾಕಲು ಬಂದ ಹುಡುಗನ ಹತ್ತಿರ ಅವತ್ತೇ ಪಾಸ್‌ವರ್ಡ್ ಬರೆಸಿಕೊಂಡುಬಿಡಿ.

ಪ್ಲೆಕ್ಸ್ ಬಿಟ್ಟು ಈ ಸಲ ಜೆಲ್ಲಿಫಿನ್ ಹಾಕಿದೆ. ಇದು ಪೂರ್ತಿ ಉಚಿತ, 2018ರ ಕೊನೆಗೆ ಎಂಬಿ ಎಂಬ ಸಾಫ್ಟ್‌ವೇರ್‌ನಿಂದ ಕವಲೊಡೆದು ಬಂದದ್ದು. ಹೋಮ್ ಅಸಿಸ್ಟೆಂಟ್‌ನಲ್ಲಿ ಇದರ ವಿಳಾಸ, 8096 ಪೋರ್ಟು (ಆ ಪ್ರೋಗ್ರಾಂನ ಬಾಗಿಲ ನಂಬರ್ ಇದ್ದ ಹಾಗೆ), ಹೆಸರು, ಪಾಸ್‌ವರ್ಡ್ ಕೊಟ್ಟರೆ ಸೇರಿಕೊಳ್ಳುತ್ತದೆ. ಟಿವಿಯಲ್ಲಿ ಒಂದು ವಿಡಿಯೋ ಹಾಕಿದ ಮೇಲೆಯೇ ಆ ಟಿವಿ ಪಟ್ಟಿಯಲ್ಲಿ ಕಾಣಿಸಿತು, ಅದಕ್ಕೂ ಮೊದಲು ಇಲ್ಲ ಎಂದು ಗಾಬರಿ ಆಗಬೇಡಿ. ನಿಯಮ ಬರೆದೆ. ಪ್ಲೇ ಒತ್ತಿದೆ. ಲೈಟ್ ಆರಿತು. ಪಾಜ್ ಒತ್ತಿದೆ. ಬಲ್ಬು ಹತ್ತಿತು! ಅವ್ವನನ್ನು ಅಡಿಗೆ ಮನೆಯಿಂದ ಕರೆದು ತೋರಿಸಿದೆ. ಕೈಯಲ್ಲಿ ರೊಟ್ಟಿ ಹಿಟ್ಟು ಇತ್ತು, ಹಾಗೇ ನಿಂತು ನೋಡಿದಳು. "ಲಗೂನ ಹತ್ತವಲ್ದಲೋ," ಎಂದಳು.

ನಿಜ. ಹತ್ತುತ್ತಿತ್ತು, ಆದರೆ ತಡವಾಗಿ. ಅದೇ ಪೋಲಿಂಗ್. ಹೋಮ್ ಅಸಿಸ್ಟೆಂಟ್ ಸುಮಾರು ಹತ್ತು ಸೆಕೆಂಡಿಗೊಮ್ಮೆ ಜೆಲ್ಲಿಫಿನ್ ಹತ್ತಿರ ಹೋಗಿ ಕೇಳುತ್ತದೆ. ಕೇಳಿ ಹೋದ ಮರುಕ್ಷಣ ಅಪ್ಪ ಪಾಜ್ ಒತ್ತಿದರೆ ಪೂರ್ತಿ ಹತ್ತು ಸೆಕೆಂಡ್ ಕತ್ತಲು. ಸಿನಿಮಾ ನೋಡುವವರಿಗೆ ಇದು ಲೆಕ್ಕಕ್ಕಿಲ್ಲ. ನಮ್ಮನೆಯಲ್ಲಿ ಕುರ್ಚಿಯಿಂದ ಹೊಸ್ತಿಲಿಗೆ ಅಪ್ಪನ ನಡಿಗೆಯಲ್ಲಿ ಏಳು ಸೆಕೆಂಡ್. ನಾನೇ ಅಳೆದಿದ್ದೇನೆ.

ಜೆಲ್ಲಿಫಿನ್‌ಗೂ ವೆಬ್‌ಹುಕ್ ಪ್ಲಗಿನ್ ಇದೆ, ಉಚಿತ. ಅದನ್ನೂ ನೋಡಿದೆ. ಅದರಲ್ಲಿ ಶುರುವಾಯಿತು, ಮುಗಿಯಿತು ಎಂಬ ಸುದ್ದಿ ಬೇರೆ ಬೇರೆ ಬರುತ್ತವೆ, ಪಾಜ್ ಆಯಿತು ಎಂಬ ಸುದ್ದಿ ಪ್ರತ್ಯೇಕವಾಗಿ ಇಲ್ಲ. ಎಲ್ಲಿವರೆಗೆ ನಡೆದಿದೆ ಎಂಬ ಪ್ರಗತಿಯ ಸುದ್ದಿಯೊಳಗೆ ನಿಂತಿದೆಯೋ ಇಲ್ಲವೋ ಎಂಬ ಒಂದು ಸಾಲು ಇರುತ್ತದೆ. ಅದನ್ನು ಓದಿ ಬೇರ್ಪಡಿಸಬಹುದು, ಮಾಡಿದವರಿದ್ದಾರೆ. ನನಗೆ ಮೂರು ರಾತ್ರಿ ಕೂತರೂ ನೆಟ್ಟಗೆ ಆಗಲಿಲ್ಲ. ನನಗೆ ಬೇಕಾದದ್ದೇ ಪಾಜ್, ಅದೇ ಕಷ್ಟದ ಜಾಗದಲ್ಲಿ ಕೂತಿತ್ತು.

ಕೊನೆಗೆ ಕೆಲಸ ಆದದ್ದು ಕೋಡಿಯಿಂದ. ಟಿವಿಯಲ್ಲೇ ಕೂತು ವಿಡಿಯೋ ತೋರಿಸುವ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇರುವ ಸಾಫ್ಟ್‌ವೇರ್, ಮೊದಲು ಎಕ್ಸ್‌ಬಿಎಂಸಿ ಎಂಬ ಹೆಸರಿತ್ತು, 2014ರಲ್ಲಿ ಕೋಡಿ ಆಯಿತು. ಆಂಡ್ರಾಯ್ಡ್ ಟಿವಿಯ ಪ್ಲೇ ಸ್ಟೋರ್‌ನಲ್ಲೇ ಸಿಗುತ್ತದೆ. ಇದರ ಗುಣ ಏನೆಂದರೆ ಹೋಮ್ ಅಸಿಸ್ಟೆಂಟ್ ಜೊತೆ ಇದು ಪುಶ್ ರೀತಿ ಮಾತಾಡುತ್ತದೆ. ಪಾಜ್ ಒತ್ತಿದ ಗಳಿಗೆಯಲ್ಲೇ ತಾನೇ ಹೇಳುತ್ತದೆ. ಕೋಡಿಯ ಸೆಟ್ಟಿಂಗ್ಸ್, ಅದರೊಳಗೆ ಸರ್ವಿಸಸ್, ಅದರೊಳಗೆ ಕಂಟ್ರೋಲ್‌ಗೆ ಹೋಗಿ. ಎಚ್‌ಟಿಟಿಪಿ ಮೂಲಕ ರಿಮೋಟ್ ಕಂಟ್ರೋಲ್ ಬಿಡುವ ಆಯ್ಕೆ ಆನ್ ಮಾಡಿ, ಪೋರ್ಟ್ 8080 ಇರಲಿ, ಒಂದು ಪಾಸ್‌ವರ್ಡ್ ಕೊಡಿ. ಕೆಳಗೆ ಬೇರೆ ಕಂಪ್ಯೂಟರಿನ ಪ್ರೋಗ್ರಾಂಗಳಿಗೆ ಬಿಡುವ ಇನ್ನೊಂದು ಆಯ್ಕೆ ಇದೆ. ಅದನ್ನೂ ಆನ್ ಮಾಡಿ. ಬಹಳ ಜನ ಮೊದಲನೆಯದು ಮಾಡಿ ಎರಡನೆಯದು ಬಿಡುತ್ತಾರೆ. ತಕ್ಷಣದ ಸುದ್ದಿ 9090 ಪೋರ್ಟಿನಲ್ಲಿ ಬರುತ್ತದೆ, ಅದು ತೆರೆಯುವುದು ಈ ಎರಡನೆಯದರಿಂದ.

ವಿಡಿಯೋ ಫೈಲುಗಳು ಲ್ಯಾಪ್‌ಟಾಪ್‌ನಲ್ಲೇ ಇರಲಿ ಎಂದು ಆ ಫೋಲ್ಡರನ್ನು ಶೇರ್ ಮಾಡಿ ಕೋಡಿಗೆ ತೋರಿಸಿದೆ. ಅಪ್ಪನಿಗೆ ಸಣ್ಣ ಅಕ್ಷರ ಓದಲು ಕಷ್ಟ. ಅದಕ್ಕೆ ಪ್ರತಿ ಫೋಲ್ಡರಿನಲ್ಲಿ ಫೋಲ್ಡರ್ ಡಾಟ್ ಜೆಪಿಜಿ ಎಂಬ ಹೆಸರಲ್ಲಿ ಒಂದೊಂದು ಫೋಟೋ ಇಟ್ಟೆ. ಅತ್ತೆಯ ಮದುವೆಗೆ ಅತ್ತೆಯ ಫೋಟೋ, ದೊಡ್ಡಾಟಕ್ಕೆ ಕಿರೀಟದ್ದು, ಪ್ರವಚನಕ್ಕೆ ಸ್ವಾಮಿಗಳದು. ಈಗ ಅವರು ಚಿತ್ರ ನೋಡಿ ಒತ್ತುತ್ತಾರೆ. ಇಡೀ ಮೂರು ತಿಂಗಳಲ್ಲಿ ಅವರು ಮೆಚ್ಚಿದ್ದು ಇದೊಂದನ್ನೇ.

ಬಲ್ಬು ಬದಲಿಸಿದೆ. ಮೊದಲು ತಂದ ಅಗ್ಗದ ಬಲ್ಬು ಕ್ಲೌಡ್ ಇಲ್ಲದೆ ಮಾತಾಡುತ್ತಿರಲಿಲ್ಲ. ಅದಕ್ಕೆ ಇನ್ನೊಂದು ಚಾಳಿ ಇತ್ತು. ಕರೆಂಟ್ ಹೋಗಿ ಬಂದರೆ ಪೂರ್ತಿ ಜೋರಾಗಿ ಹತ್ತಿಬಿಡುತ್ತಿತ್ತು. ಏಪ್ರಿಲ್‌ನಲ್ಲಿ ಗಾಳಿ ಮಳೆ ಬಂದ ಒಂದು ರಾತ್ರಿ ಎರಡೂವರೆಗೆ ಕರೆಂಟ್ ಬಂದು ಹಾಲ್ ಬೆಳ್ಳಗಾಯಿತು. ಕಳ್ಳ ಬಂದ ಎಂದು ಅವ್ವ ಎದ್ದು ಕೂತಳು. ಹೊಸದಾಗಿ ತಂದದ್ದು ವಿಜ್ ಎಂಬ ಬ್ರ್ಯಾಂಡಿನ ಬಲ್ಬು, 650 ರೂಪಾಯಿ. ಇದು ಲೋಕಲ್ ಆಗಿ ಮಾತಾಡುತ್ತದೆ. ಅದರ ಆಪ್‌ನಲ್ಲಿ ಲೋಕಲ್ ಸಂಪರ್ಕ ಬಿಡುವ ಆಯ್ಕೆ ಆನ್ ಇದೆಯೇ ನೋಡಿಕೊಳ್ಳಿ. ಯಾವ ಬಲ್ಬು ತಂದರೂ ಕರೆಂಟ್ ಬಂದ ಮೇಲೆ ಅದು ಹೇಗಿರಬೇಕು ಎಂಬ ಸೆಟ್ಟಿಂಗ್ ಮೊದಲು ಹುಡುಕಿ.

ಟ್ಯೂಬ್‌ಲೈಟಿಗೆ ಬೋರ್ಡಿನ ಒಳಗೆ ಕೂರುವ ರಿಲೇ (ಸುದ್ದಿ ಬಂದರೆ ತಾನೇ ಲೈಟ್ ಹತ್ತಿಸಿ ಆರಿಸುವ ಪುಟ್ಟ ಸ್ವಿಚ್) ತರಿಸಿದೆ, ಟ್ಯಾಸ್ಮೋಟಾ ಎಂಬ ಉಚಿತ ಸಾಫ್ಟ್‌ವೇರ್ ಮೊದಲೇ ಹಾಕಿದ್ದು, 1,450 ರೂಪಾಯಿ. ಇದು ಎಂಕ್ಯೂಟಿಟಿ ಎಂಬ ಪದ್ಧತಿಯಲ್ಲಿ ಮಾತಾಡುತ್ತದೆ. ಅದಕ್ಕೆ ಹೋಮ್ ಅಸಿಸ್ಟೆಂಟ್‌ನಲ್ಲಿ ಮಸ್ಕೀಟೊ ಎಂಬ ಹೆಚ್ಚುವರಿ ಪ್ರೋಗ್ರಾಂ ಹಾಕಬೇಕು, ಒಂದು ಸಂಜೆಯ ಕೆಲಸ.

ವೈರಿಂಗ್ ಮಾತ್ರ ನೀವೇ ಮಾಡಲು ಹೋಗಬೇಡಿ. ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಬಂದ. ಎಂಸಿಬಿ ಇಳಿಸಿ ಬೋರ್ಡ್ ಬಿಚ್ಚಿದ. ಒಳಗೆ ಧೂಳು, ಎರಡು ಸತ್ತ ಜಿರಳೆ, ಮೂರು ಕೆಂಪು ವೈರು. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಬಹಳ ಹೊತ್ತು ನೋಡಿದ. ಟಾರ್ಚ್ ತೆಗೆದು, "ಸರ್ರ, ಇದರಾಗ ನ್ಯೂಟ್ರಲ್ ಇಲ್ರಿ," ಎಂದ. ರಿಲೇ ತಾನೂ ನಡೆಯಬೇಕಲ್ಲ, ಅದಕ್ಕೆ ಫೇಸ್ ಜೊತೆ ನ್ಯೂಟ್ರಲ್ ಬೇಕೇಬೇಕು. ಬರೀ ಸ್ವಿಚ್ ಇರುವ ಬೋರ್ಡಿನಲ್ಲಿ ಬಹಳ ಸಲ ನ್ಯೂಟ್ರಲ್ ಇರುವುದಿಲ್ಲ. ಚಾರ್ಜರ್ ಹಾಕುವ ಸಾಕೆಟ್ ಇರುವ ಬೋರ್ಡಿನಲ್ಲಿ ಇರುತ್ತದೆ, ಸಾಕೆಟ್ಟಿಗೆ ಅದು ಬೇಕಾದ್ದರಿಂದ. ನಮ್ಮ ಅದೃಷ್ಟಕ್ಕೆ ಟಿವಿ ಹಿಂದಿನ ಸಾಕೆಟ್ ಬೋರ್ಡು ಮೂರಡಿ ದೂರದಲ್ಲಿತ್ತು. ಅಲ್ಲಿಂದ ಕರಿ ವೈರು ಎಳೆದು ತಂದ. ಒಂದೂವರೆ ತಾಸು, 500 ರೂಪಾಯಿ, ಎರಡು ಸಲ ಚಹಾ. ರಿಲೇ ಆರ್ಡರ್ ಮಾಡುವ ಮೊದಲೇ ಬೋರ್ಡ್ ಬಿಚ್ಚಿಸಿ ನೋಡಿ.

ಗೋಡೆಯ ಸ್ವಿಚ್ಚೂ ನಡೆಯಬೇಕು, ಟಿವಿಯಿಂದಲೂ ನಡೆಯಬೇಕು ಎಂಬುದು ನನ್ನ ಹಟ. ನಡೆಯುತ್ತದೆ. ಆದರೆ ಈಗ ಸ್ವಿಚ್ ಮೇಲಿದ್ದರೆ ಆಫ್, ಕೆಳಗಿದ್ದರೆ ಆನ್ ಎಂಬ ಲೆಕ್ಕ ಇಲ್ಲ. ಎತ್ತ ಒತ್ತಿದರೂ ಇದ್ದದ್ದು ಉಲ್ಟಾ ಆಗುತ್ತದೆ. ಅಪ್ಪ ಎರಡು ದಿನ ಸ್ವಿಚ್ ಮುಂದೆ ನಿಂತು, "ಇದು ಹತ್ತಿದ್ದೋ ಆರಿದ್ದೋ?" ಎಂದು ಲೈಟ್ ನೋಡದೆ ಸ್ವಿಚ್ ನೋಡುತ್ತಿದ್ದರು. ಕರೆಂಟ್ ಬಂದಾಗ ಟ್ಯೂಬ್ ಆರಿಯೇ ಇರಲಿ ಎಂದು ರಿಲೇಗೆ ಪವರ್‌ಆನ್‌ಸ್ಟೇಟ್ 0 ಎಂದು ಕೊಟ್ಟೆ. ಸಣ್ಣ ಬಲ್ಬಿನ ಕಥೆ ಬೇರೆ. ಅದರ ಸ್ವಿಚ್ ಯಾವಾಗಲೂ ಆನ್ ಇರಬೇಕು, ಇಲ್ಲದಿದ್ದರೆ ಬಲ್ಬು ಸತ್ತ ಹಾಗೆ. ಸ್ವಿಚ್ ಮೇಲೆ ಟೇಪ್ ಹಚ್ಚಿದೆ. ಅವ್ವ ಗೋಡೆ ಒರೆಸುವಾಗ ಟೇಪ್ ಕಿತ್ತು, ಒರೆಸಿ, ಸ್ವಿಚ್ ಆರಿಸಿ ಹೋದಳು. ಮತ್ತೆ ಹಚ್ಚಿದೆ, ಮತ್ತೆ ಕಿತ್ತಳು. ಹಗಲು ಹೊತ್ತಿನಲ್ಲಿ ಸ್ವಿಚ್ ಆನ್ ಬಿಡುವುದು ಅವಳಿಗೆ ಆಗದ ಮಾತು. ಕೊನೆಗೆ ಎಲೆಕ್ಟ್ರಿಷಿಯನ್‌ನಿಂದಲೇ ಆ ಸ್ವಿಚ್ ತಪ್ಪಿಸಿ ನೇರ ವೈರು ಕೊಡಿಸಿದೆ.

ನಿಯಮ ಬರೆಯುವುದು ಅಂದುಕೊಂಡಷ್ಟು ಕಷ್ಟ ಇಲ್ಲ. ಯಾವಾಗ, ಯಾವ ಷರತ್ತಿಗೆ, ಏನು ಮಾಡಬೇಕು ಎಂದು ಮೂರು ಖಾನೆ ತುಂಬಬೇಕು, ವೋಚರ್ ತುಂಬಿದ ಹಾಗೆ. ಷರತ್ತು: ಸೂರ್ಯ ಮುಳುಗಿರಬೇಕು. ಇದಕ್ಕೆ ಶುರುವಿನಲ್ಲಿ ನಕ್ಷೆಯಲ್ಲಿ ಊರು ಸರಿಯಾಗಿ ಗುರುತಿಸಿರಬೇಕು.

ಕಾಡಿದ ಸಣ್ಣ ತೊಡಕು ಬೇರೆ ಇದ್ದವು. ಒಂದು ಭಜನೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಕೋಡಿ ಒಂದು ಗಳಿಗೆ ಖಾಲಿ ಇರುತ್ತದೆ. ಮುಗಿಯಿತು ಎಂದುಕೊಂಡು ಟ್ಯೂಬ್‌ಲೈಟ್ ಫಳ್ ಎಂದು ಹತ್ತಿ ಆರುತ್ತಿತ್ತು. ಮುಗಿದು ಐದು ಸೆಕೆಂಡ್ ಹಾಗೇ ಇದ್ದರೆ ಮಾತ್ರ ಹತ್ತು ಎಂದು ಸೇರಿಸಿದೆ. ಪಾಜ್‌ಗೆ ಮಾತ್ರ ಒಂದು ಸೆಕೆಂಡೂ ತಡ ಇಟ್ಟಿಲ್ಲ. ಅಪ್ಪ ಒಮ್ಮೊಮ್ಮೆ ವಿಡಿಯೋ ನಿಲ್ಲಿಸದೆ ಟಿವಿಯನ್ನೇ ಆಫ್ ಮಾಡುತ್ತಾರೆ. ಆಗ ಕೋಡಿ ಮುಗಿಯಿತು ಎನ್ನುವುದಿಲ್ಲ, ಸುಮ್ಮನೆ ಕಾಣೆಯಾಗುತ್ತದೆ. ಆಫ್ ಆದರೂ ಲೈಟ್ ಹತ್ತಬೇಕು ಎಂದು ಪ್ರತ್ಯೇಕವಾಗಿ ಬರೆಯಬೇಕು. ಅವ್ವ ಮಲಗುವುದೂ ಹಾಲ್‌ನಲ್ಲೇ. ಹನ್ನೊಂದಕ್ಕೆ ದೊಡ್ಡಾಟ ಮುಗಿದು ಟ್ಯೂಬ್‌ಲೈಟ್ ಹತ್ತಿದ ಮೊದಲ ರಾತ್ರಿ ಹೊದಿಕೆಯೊಳಗಿಂದಲೇ ಬೈದಳು. ಹತ್ತೂವರೆ ನಂತರ ಟ್ಯೂಬ್ ಬೇಡ, ಬಲ್ಬು ಇಪ್ಪತ್ತು ಪರ್ಸೆಂಟ್ ಸಾಕು ಎಂದು ತಿದ್ದಿದೆ.

ಎಲ್ಲಾ ಆಯಿತು ಎನ್ನುವ ಹೊತ್ತಿಗೆ ಏಪ್ರಿಲ್ ಮೂರನೇ ವಾರ ಮೆಮೊರಿ ಕಾರ್ಡ್ ಸತ್ತಿತು. ಸಂಜೆ ಕರೆಂಟ್ ನಾಲ್ಕು ಸಲ ಹೋಗಿ ಬಂತು, ಐದನೇ ಸಲ ಪೈ ಏಳಲೇ ಇಲ್ಲ. ಹೋಮ್ ಅಸಿಸ್ಟೆಂಟ್ ನಡೆದದ್ದೆಲ್ಲವನ್ನೂ ಸದಾ ಬರೆದಿಡುತ್ತದೆ, ಬರೆಯುವಾಗ ಕರೆಂಟ್ ಹೋದರೆ ಮೆಮೊರಿ ಕಾರ್ಡ್ ತಾಳುವುದಿಲ್ಲ. ಬ್ಯಾಕಪ್ ಇತ್ತು. ಅದೇ ಕಾರ್ಡಿನಲ್ಲಿ. ದಿನಾ ಸಂಜೆ ಸೊಸೈಟಿಯ ಲೆಕ್ಕದ ಬ್ಯಾಕಪ್ ಪೆನ್‌ಡ್ರೈವ್‌ಗೆ ಹಾಕಿ ಕಪಾಟಿನಲ್ಲಿಡುವವನು ನಾನು. ಯಾರಿಗೆ ಹೇಳುವುದು.

ಎರಡು ಭಾನುವಾರ ಮತ್ತೆ ಕೂತು ಮೊದಲಿಂದ ಮಾಡಿದೆ. ಈ ಸಲ ಮೆಮೊರಿ ಕಾರ್ಡ್ ಬದಲು ಎಸ್‌ಎಸ್‌ಡಿ ಡಿಸ್ಕ್ ಹಾಕಿದೆ, ಯುಎಸ್‌ಬಿ ಡಬ್ಬಿ ಸೇರಿ 2,300 ರೂಪಾಯಿ. ಪೈ, ರೂಟರ್, ಸಣ್ಣ ಬಲ್ಬು ಮೂರನ್ನೂ ಇನ್ವರ್ಟರ್ ಲೈನಿಗೆ ಕೊಟ್ಟೆ. ಬ್ಯಾಕಪ್ ಈಗ ಗೂಗಲ್ ಡ್ರೈವ್‌ಗೆ ಹೋಗುತ್ತದೆ. ಆ ಬ್ಯಾಕಪ್‌ಗೆ ಬೀಗ ಇರುತ್ತದೆ. ಬೀಗದ ಕೀಲಿ ಒಂದು ಉದ್ದದ ಅಕ್ಷರಸಾಲು, ಎಮರ್ಜೆನ್ಸಿ ಕಿಟ್ ಎಂಬ ಹೆಸರಲ್ಲಿ ಇಳಿಸಿಕೊಳ್ಳಲು ಹೇಳುತ್ತದೆ. ಅದನ್ನು ಪ್ರಿಂಟ್ ತೆಗೆದು ಅಪ್ಪನ ಮುಳುಗಡೆ ಪರಿಹಾರದ ಕಾಗದಗಳ ಫೈಲಿನಲ್ಲಿ ಇಟ್ಟಿದ್ದೇನೆ. ಮನೆಯಲ್ಲಿ ಯಾವ ಕಾಗದ ಕಳೆದರೂ ಆ ಫೈಲ್ ಕಳೆಯುವುದಿಲ್ಲ.

ಖರ್ಚು. ಪೈ, ಅಡಾಪ್ಟರ್, ಎಸ್‌ಎಸ್‌ಡಿ, ರಿಲೇ, ಬಲ್ಬು, ಎಲೆಕ್ಟ್ರಿಷಿಯನ್ ಎಲ್ಲಾ ಸೇರಿ 11,950. ಕ್ಯಾಸೆಟ್ಟಿಗೆ 2,000. ಕ್ಲೌಡ್ ಸೇವೆಯ 800, ಮೊದಲ ಬಲ್ಬಿನ 450, ಸತ್ತ ಕಾರ್ಡಿನ 550 ಸೇರಿ 1,800 ರೂಪಾಯಿ ಸಸ್ಪೆನ್ಸ್ ಖಾತೆಗೆ. ಒಟ್ಟು 15,750. ಅವ್ವನಿಗೆ ಎಂಟು ಸಾವಿರ ಎಂದು ಹೇಳಿದ್ದೇನೆ. ಹಳೇ ಲ್ಯಾಪ್‌ಟಾಪ್‌ನಲ್ಲೇ ಹೋಮ್ ಅಸಿಸ್ಟೆಂಟ್ ಓಡಿಸಿದ್ದರೆ ಪೈ ಖರ್ಚು ಪೂರ್ತಿ ಉಳಿಯುತ್ತಿತ್ತು. ಲ್ಯಾಪ್‌ಟಾಪಿನ ಬ್ಯಾಟರಿ ಜೀವಂತ ಇದ್ದರೆ ಕರೆಂಟಿನ ಚಿಂತೆಯೂ ಕಡಿಮೆ. ನಿಮ್ಮ ಮನೆಯಲ್ಲಿ ಒಂದು ಸುಮ್ನೆ ಬಿದ್ದಿದ್ದರೆ ಅದರಿಂದಲೇ ಶುರು ಮಾಡಿ.

ಕಳೆದ ಭಾನುವಾರ ರಾತ್ರಿ ಮೊದಲ ಸಲ ಅತ್ತೆಯ ಮದುವೆಯ ವಿಡಿಯೋ ಹಾಕಿದೆವು. ಪ್ಲೇ ಒತ್ತಿದ ಕೂಡಲೇ ಟ್ಯೂಬ್ ಆರಿತು, ಬಲ್ಬು ಮಂದವಾಯಿತು. ಹಳೇ ಮನೆಯ ಅಂಗಳ, ಹಂದರ, ಪಾತ್ರೆ ತಿಕ್ಕುತ್ತಿರುವ ಯಾರೋ. ನಡುವೆ ಅಪ್ಪ ಪಾಜ್ ಒತ್ತಿ ಎದ್ದರು. ಬಲ್ಬು ತಟ್ಟನೆ ಜೋರಾಯಿತು. ನಾನು ಅವ್ವನ ಮುಖ ನೋಡಿದೆ. ಅಪ್ಪ ಬಚ್ಚಲಿಗೆ ಹೋಗಲಿಲ್ಲ. ಸೀದಾ ಟಿವಿ ಹತ್ತಿರ ಹೋಗಿ, ಬಗ್ಗಿ, ಪರದೆಗೆ ಬೆರಳು ಇಟ್ಟು ಏನನ್ನೋ ಹುಡುಕತೊಡಗಿದರು.

"ಇಲ್ಲೇ ಇತ್ತ ನೋಡ ತುಳಸಿ ಕಟ್ಟಿ, ಬಾಗಲಾ ಬಾಜೂಕ," ಎಂದರು. ಆಮೇಲೆ ತಿರುಗದೆಯೇ, "ತಮ್ಮಾ, ಆ ಲೈಟ್ ಆರಿಸೋ. ಏನೂ ಕಾಣವಲ್ದು."